ಗಾರ್ಡ್ ಎಲ್ಲಿ? ದಾವಣಗೆರೆಯ ಅಧಿಕಾರಿಗಳಿಗೂ ಅಂಗಡಿ ಯಜಮಾನರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ಕಾರ್ಮಿಕ ಇಲಾಖೆಯವರಿಗೆ, ಹಾಗೆಯೇ ಊರಿನ ವೆಲ್ಡಿಂಗ್, ಫ್ಯಾಬ್ರಿಕೇಶನ್, ಬಡಗಿ ಅಂಗಡಿಗಳ ಯಜಮಾನರಿಗೆ,

ನಮಸ್ಕಾರ.

2021ರ ಆಯುಧಪೂಜೆಯ ದಿನ ನಮ್ಮ ಅಂಗಡಿಯ, ಕಬ್ಬಿಣ ಕತ್ತರಿಸುವ, ಉಜ್ಜುವ ಐದು ಹ್ಯಾಂಡ್ ಗ್ರೈಂಡರ್‌ಗಳನ್ನು ಟೇಬಲ್ ಮೇಲೆ ಸಾಲಾಗಿ ಜೋಡಿಸಿದ್ದೆವು. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದೊಂದಕ್ಕೂ ಸೇವಂತಿಗೆ ಸಿಕ್ಕಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಹುಡುಗರಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿದೆ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಆ ಐದರಲ್ಲಿ ಒಂದಕ್ಕೂ ಗಾರ್ಡ್, ಅಂದರೆ ತಿರುಗುವ ವೀಲನ್ನು (ಕತ್ತರಿಸುವ ಚಕ್ರವನ್ನು) ಅರ್ಧ ಮುಚ್ಚುವ ತಗಡಿನ ಕವಚ, ಇರಲಿಲ್ಲ. ಮೂರರ ಗಾರ್ಡ್‌ಗಳು ಗುಜರಿ ಚೀಲದಲ್ಲಿದ್ದವು. ಒಂದು ಎಲ್ಲಿ ಹೋಯಿತೋ ಗೊತ್ತಿಲ್ಲ. ಐದನೆಯದು ಆ ಫೋಟೋದಲ್ಲೇ ಇದೆ: ವಿಶ್ವಕರ್ಮನ ಪಟದ ಮುಂದೆ ಊದುಬತ್ತಿಯ ಬೂದಿ ಬೀಳಲಿ ಅಂತ ಅಂಗಾತ ಇಟ್ಟಿದ್ದೆವು. ನನ್ನ ಸ್ಟೇಟಸ್ ನೋಡುವವರಲ್ಲಿ ಅರ್ಧಕ್ಕರ್ಧ ನಮ್ಮ ಕಸುಬಿನವರೇ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಗಾರ್ಡ್ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ, ಅವರೇನು ಕೇಳಿಯಾರು.

ಅದಾಗಿ ತಿಂಗಳು ತುಂಬಿರಲಿಲ್ಲ. ಮೆಕ್ಕೆಜೋಳದ ಕಾಲ. ಆ ದಿನಗಳಲ್ಲಿ ನಮ್ಮಂಥ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಒಕ್ಕಣೆ ಮೆಷಿನ್ ರಿಪೇರಿ, ಟ್ರೇಲರ್ ಬಾಗಿಲು, ಮುರಿದ ಕೊಂಡಿ, ಎಲ್ಲವೂ ಒಟ್ಟಿಗೇ ಬರುತ್ತವೆ. ಜಗಳೂರು ಕಡೆಯ ರೈತರೊಬ್ಬರು ಬೆಳಗ್ಗೆ ಏಳಕ್ಕೇ ಒಕ್ಕಣೆ ಮೆಷಿನ್ ತಂದು ನಿಲ್ಲಿಸಿದ್ದರು. "ಮೋಡ ಆಗೇತ್ರಿ, ಇವತ್ತೇ ಬೇಕು" ಅಂದರು. ಅದರ ಹೊಟ್ಟೆಯೊಳಗೆ ಒಂದು ಮೂಲೆಯಲ್ಲಿ ಹಳೇ ವೆಲ್ಡಿಂಗ್ ಕತ್ತರಿಸಬೇಕಿತ್ತು. ಹೊನ್ನಾಳಿ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಎರಡು ವರ್ಷದಿಂದ ಇದ್ದ. ಇಪ್ಪತ್ತು ವಯಸ್ಸು, ಕೈ ಚುರುಕು. ಅವನು ಒಳಗೆ ಬಗ್ಗಿ ಕೂತ. ಗ್ರೈಂಡರ್‌ಗೆ ಗಾರ್ಡ್ ಇಲ್ಲ ಅಂದೆನಲ್ಲ, ಪಕ್ಕದ ಹಿಡಿಯೂ ಇರಲಿಲ್ಲ. ಮೂಲೆಯಲ್ಲಿ ಹಿಡಿ ಅಡ್ಡ ಬರುತ್ತದೆ ಅಂತ ಅದನ್ನೂ ಬಿಚ್ಚಿಟ್ಟಿದ್ದೆವು. ಹಾಗಾಗಿ ಬಲಗೈಯಲ್ಲಿ ಮೆಷಿನ್, ಎಡಗೈಯಲ್ಲಿ ಕತ್ತರಿಸುತ್ತಿದ್ದ ಪಟ್ಟಿ.

ನಾನು ಹತ್ತಡಿ ದೂರದಲ್ಲಿ ನಿಂತು ಇನ್ನೊಬ್ಬ ಗಿರಾಕಿಗೆ ಫೋನಿನಲ್ಲಿ "ಸಂಜೆಗೆ ಕೊಡ್ತೀನ್ರಿ" ಅನ್ನುತ್ತಿದ್ದೆ. ಟ್ಯೂಬ್‌ಲೈಟ್ ಒಡೆದ ಹಾಗೆ ಟಪ್ ಅಂದಿತು. ಪಟ್ಟಿ ಬಾಗಿ, ಕತ್ತರಿಸಿದ ಸಂದು ಮುಚ್ಚಿಕೊಂಡು, ವೀಲ್ ಸಿಕ್ಕಿಕೊಂಡು ಒಡೆದಿತ್ತು. ಉಳಿದ ಅರ್ಧ ವೀಲಿನ ಸಮೇತ ಗ್ರೈಂಡರ್ ಹಿಂದಕ್ಕೆ ಹಾರಿ ಎಡಗೈ ಮೇಲೆ ಬಿತ್ತು. ಕೈ ಬಿಟ್ಟರೂ ಮೆಷಿನ್ ಓಡುತ್ತಲೇ ಇರುವಂತೆ ಮಾಡುವ ಲಾಕ್ ಬಟನ್ ಒತ್ತಿದ್ದರಿಂದ ಅದು ನೆಲದ ಮೇಲೆ ಗಿರಗಿರ ಸುತ್ತುತ್ತಲೇ ಇತ್ತು. ವೈರ್ ಎಳೆದು ನಿಲ್ಲಿಸಿದೆವು. ಅದಕ್ಕೆ ಪ್ಲಗ್ ಇರಲಿಲ್ಲ. ಎರಡು ತಂತಿಯ ತುದಿಯನ್ನು ಬೆಂಕಿಕಡ್ಡಿ ಇಟ್ಟು ಸಾಕೆಟ್‌ಗೆ ಸಿಕ್ಕಿಸಿದ್ದೆವು, ಹಾಗಾಗಿ ಎಳೆದ ಕೂಡಲೇ ಬಂತು. ನಮ್ಮ ಅಂಗಡಿಯ ಸುರಕ್ಷತೆ ಅಂದರೆ ಆ ದಿನಕ್ಕೆ ಅಷ್ಟೇ.

ಎಡಗೈ ನಡುಬೆರಳಿನ ಎರಡು ಗೆಣ್ಣು ಹೋದವು. ತುಂಡಾದ ಬೆರಳನ್ನು ನಮ್ಮವನೊಬ್ಬ ಎತ್ತಿಕೊಂಡು, ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತಂದು ಅದರೊಳಗೇ ಹುಗಿದ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಹಾಗೆ ಮಾಡಬಾರದಂತೆ. ನೇರ ಐಸ್ ತಾಗಿದರೆ ಮಾಂಸ ಸುಟ್ಟ ಹಾಗೆ ಕೆಡುತ್ತದೆ. ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಬೆರಳನ್ನು ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಬೇಕು. ಗಾಯದ ಕೈಯಲ್ಲಿ ಉಂಗುರ ಇದ್ದರೆ ಊದಿಕೊಳ್ಳುವ ಮುಂಚೆ ತೆಗೆಯಬೇಕು. ಇದನ್ನು ಓದುವವರು ಇಷ್ಟನ್ನಾದರೂ ನೆನಪಿಡಿ. ನಮ್ಮ ಹುಡುಗನ ಬೆರಳು ಜಜ್ಜಿಹೋಗಿತ್ತು, ಸರಿಯಾಗಿ ತಂದಿದ್ದರೂ ಕೂರುತ್ತಿರಲಿಲ್ಲ ಅಂದರು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ರಾತ್ರಿ ಅವರಪ್ಪ ಬಂದರು. ಮಗನ ಕೈ ನೋಡಿದರು, ಹೊರಗೆ ಬಂದು ನನಗೆ ಕೈಮುಗಿದರು. "ಬಿಲ್ಲು ನೀವೇ ಕಟ್ಟೀರಂತಲ್ರೀ ಯಜಮಾನ್ರೇ, ದೊಡ್ಡ ಉಪಕಾರ ಆತು." ನಾನು ಅವರ ಕೈ ಇಳಿಸಲಿಲ್ಲ. ಇರಲಿ ಬಿಡ್ರಿ ಅಂದೆ, ನಿಜಕ್ಕೂ ಉಪಕಾರ ಮಾಡಿದವನ ಹಾಗೆ.

ಅದು ಉಪಕಾರವಲ್ಲ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ವಕೀಲರೊಬ್ಬರ ಮನೆಗೆ ಗೇಟ್ ಮಾಡುತ್ತಿದ್ದೆವು. ಕಥೆ ಕೇಳಿದ ಅವರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟರು. 1923ರ ನೌಕರರ ಪರಿಹಾರ ಕಾಯ್ದೆ ಅಂತ ಇತ್ತು. ಅದರಲ್ಲಿ ಬೆರಳಿಗೆ ಇಷ್ಟು ಅಂತ ಪಟ್ಟಿ ಇದೆ: ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತು ಅಂತ ಲೆಕ್ಕ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ ತಲಾ 7. ನಡುಬೆರಳಿನ ಎರಡು ಗೆಣ್ಣಿಗೆ 9. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 40. ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಬಂದದ್ದರಲ್ಲಿ ಈ ಶೇಕಡಾವಾರು ತೆಗೆಯಬೇಕು. ಇಪ್ಪತ್ತು ವಯಸ್ಸಿಗೆ ಗುಣಕ 224. ಹುಡುಗನ ಸಂಬಳ 12,000. ಅದರ ಶೇ. 60 ಅಂದರೆ 7,200. ಅದು ಗುಣಿಸು 224, ಹದಿನಾರು ಲಕ್ಷ ಚಿಲ್ಲರೆ. ಅದರ ಶೇ. 9 ಅಂದರೆ 1,45,152 ರೂಪಾಯಿ. ನಾನು ಆಸ್ಪತ್ರೆ ಬಿಲ್ಲಲ್ಲದೆ ಕೈಗೆ ಕೊಟ್ಟಿದ್ದು 20,000.

ಅಂಗಡಿಯಲ್ಲಿ ಕರೆಂಟಿನ ಮೆಷಿನ್ ಇಟ್ಟು ಸಾಮಾನು ತಯಾರಿಸುತ್ತೀರಿ, ರಿಪೇರಿ ಮಾಡುತ್ತೀರಿ ಅಂದರೆ ಸಾಕು, ಇಬ್ಬರೇ ಕೆಲಸಗಾರರಿದ್ದರೂ ಈ ಹೊಣೆ ತಪ್ಪುವುದಿಲ್ಲ ಅಂದರು ವಕೀಲರು. ಅರ್ಜಿ ಹಾಕಲು ಅಪಘಾತವಾದ ದಿನದಿಂದ ಎರಡು ವರ್ಷ ಕಾಲಾವಕಾಶ. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಬೆರಳಿನ ಪಟ್ಟಿ ಅಲ್ಲೂ ಇದೆ. ಉಳಿದ ದುಡ್ಡನ್ನು ನಾನು ಮೂರು ಕಂತಿನಲ್ಲಿ ಕೊಟ್ಟೆ. ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಆ ಗೇಟಿನ ಕೆಲಸ ನಮಗೆ ಸಿಗದಿದ್ದರೆ ಕೊಡುತ್ತಿರಲಿಲ್ಲ.

ಅದೇ ಹಾಳೆಯ ಕೆಳಗೆ ವಕೀಲರು ಇನ್ನೊಂದು ಸಾಲು ಬರೆದಿದ್ದರು. ನಾನು ಈ ಪತ್ರ ಬರೆಯಲು ಕಾರಣ ಆ ಸಾಲು. ಸುರಕ್ಷತೆಗೆ ಅಂತ ಕೊಟ್ಟ ಗಾರ್ಡನ್ನು ಕೆಲಸಗಾರ ಗೊತ್ತಿದ್ದೂ ಬೇಕಂತಲೇ ತೆಗೆದಿದ್ದರೆ, ಆ ಗಾಯದಿಂದ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗದ ಪಕ್ಷದಲ್ಲಿ, ಮಾಲೀಕ ಪರಿಹಾರ ಕೊಡಬೇಕಿಲ್ಲ. ಒಂದು ಬೆರಳು, ಎರಡು ಬೆರಳು, ಒಂದು ಕಣ್ಣು, ಎಲ್ಲವೂ ಇದರೊಳಗೆ ಬರುತ್ತವೆ. ಕಾಯ್ದೆ ಬರೆದವರ ಉದ್ದೇಶ ಸರಿಯೇ ಇರಬಹುದು. ಆದರೆ ನಮ್ಮ ಅಂಗಡಿಗಳಲ್ಲಿ ಗಾರ್ಡ್ ತೆಗೆಯುವವರು ಯಾರು? ಹೊಸ ಮೆಷಿನ್ ಡಬ್ಬಿ ಒಡೆಯುವವನು ಯಜಮಾನ. ಮೊದಲ ದಿನವೇ ಸ್ಕ್ರೂ ಸಡಿಲಿಸಿ ಗಾರ್ಡನ್ನು ಮೂಲೆಗೆ ಎಸೆಯುವವನೂ ಅವನೇ, ಇಲ್ಲಾ ಅವನ ಹಿರೇ ಮೇಸ್ತ್ರಿ. ಆಮೇಲೆ ಸೇರುವ ಹುಡುಗ ಗಾರ್ಡ್ ಇರುವ ಗ್ರೈಂಡರನ್ನು ಕಣ್ಣಲ್ಲೇ ಕಂಡಿರುವುದಿಲ್ಲ. ಗ್ರೈಂಡರ್ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿರುತ್ತಾನೆ. ಪೆಟ್ಟಾದ ದಿನ "ಅವನೇ ತೆಗ್ದಾನ್ರಿ" ಅಂತ ಯಜಮಾನ ಹೇಳಿದರೆ ಅಲ್ಲ ಅನ್ನಲು ಅವನ ಹತ್ತಿರ ಏನು ಸಾಕ್ಷಿ ಇದೆ?

ಯಜಮಾನರೇ, ನಾವು ಗಾರ್ಡ್ ಯಾಕೆ ತೆಗೆಯುತ್ತೇವೆ ಅಂತ ನಮಗೇ ಗೊತ್ತು. ಅಧಿಕಾರಿಗಳಿಗೆ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಬರೆಯುತ್ತೇನೆ. ಒಂದನೆಯದು ಮೂಲೆ. ಗಾರ್ಡ್ ಇದ್ದರೆ ವೀಲ್ ಒಳಮೂಲೆಗೆ ತಲುಪುವುದಿಲ್ಲ. ಅಲ್ಲಿಗೆ ಗಾರ್ಡ್ ತಿರುಗಿಸಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧಕ್ಕೆ ಉದ್ದ ಮೂತಿಯ ಸಣ್ಣ ಡೈ ಗ್ರೈಂಡರ್ ಇದೆ, ಅರ ಇದೆ, ಹ್ಯಾಕ್ಸಾ ಬ್ಲೇಡಿನ ತುಂಡಿದೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಎರಡನೆಯದು ವೀಲ್. ನಾಲ್ಕು ಇಂಚಿನದು ಬೇಗ ಸವೆಯುತ್ತದೆ ಅಂತ ಐದು ಇಂಚಿನದು ಹಾಕುತ್ತೇವೆ, ಗಾರ್ಡ್ ಇದ್ದರೆ ಅದು ಕೂರುವುದಿಲ್ಲ. ಒಳತೂತು ದೊಡ್ಡದಾದರೆ ವಾಷರ್ ಕೊಟ್ಟು ಕೂರಿಸುವ ಶೂರರೂ ಇದ್ದೇವೆ. ದೊಡ್ಡ ಮೆಷಿನ್‌ನಲ್ಲಿ ಸವೆದ ಏಳು ಇಂಚಿನ ವೀಲನ್ನು ಉಳಿತಾಯ ಅಂತ ಸಣ್ಣ ಮೆಷಿನ್‌ಗೆ ಹಾಕಿದವರನ್ನೂ ನೋಡಿದ್ದೇನೆ. ಮೂರನೆಯದು ಗೆರೆ ಕಾಣುವುದಿಲ್ಲ ಅನ್ನುವ ಮಾತು. ಇದು ಬರೀ ರೂಢಿಯ ಮಾತು. ಗಾರ್ಡ್ ಹಾಕಿ ಒಂದು ವಾರ ಕೆಲಸ ಮಾಡಿದರೆ ಗೆರೆ ತಾನಾಗಿ ಕಾಣುತ್ತದೆ.

ಒಂದು ಲೆಕ್ಕ ಹಾಕಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುತ್ತದೆ, ಸೆಕೆಂಡಿಗೆ 180ರ ಮೇಲೆ. ವೀಲಿನ ಅಂಚು ಗಂಟೆಗೆ 200 ಕಿಲೋಮೀಟರ್ ದಾಟಿದ ವೇಗದಲ್ಲಿರುತ್ತದೆ. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ವಂದೇ ಭಾರತ್ ಕೂಡ ಅಷ್ಟು ಓಡುವುದಿಲ್ಲ. ಏಳು ಇಂಚಿನ ವೀಲಿನ ಮೇಲೆ ಅದರ ಗರಿಷ್ಠ ವೇಗ ನಿಮಿಷಕ್ಕೆ ಎಂಟೂವರೆ ಸಾವಿರದ ಆಸುಪಾಸು ಅಂತ ಅಚ್ಚಾಗಿರುತ್ತದೆ. ಅದನ್ನು ಹನ್ನೊಂದು ಸಾವಿರದ ಮೆಷಿನ್‌ಗೆ ಹಾಕಿದರೆ ಒಡೆಯದಿದ್ದರೆ ಆಶ್ಚರ್ಯ. ಗಾರ್ಡ್ ಇರುವುದೇ ವೀಲ್ ಒಡೆದ ಆ ಕ್ಷಣಕ್ಕೆ. ಚೂರು ನಮ್ಮ ಕಡೆ ಬಾರದೆ ಆಚೆ ಹೋಗಲಿ ಅಂತ. ಉಳಿದ ಹೊತ್ತು ಅದು ಸುಮ್ಮನೆ ಅಡ್ಡ ಕೂತಿರುತ್ತದೆ, ನಿಜ. ಕಾರಿನ ಸೀಟ್‌ಬೆಲ್ಟ್ ಕೂಡ ಹಾಗೇ ಕೂತಿರುತ್ತದೆ.

ವೀಲಿನ ಬಗ್ಗೆ ಇನ್ನೂ ಎರಡು ಮಾತು, ಏಕೆಂದರೆ ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಕಟಿಂಗ್ ವೀಲಿನ ನಡುವೆ ತಗಡಿನ ಉಂಗುರ ಇರುತ್ತದಲ್ಲ, ಒಳ್ಳೆ ಕಂಪನಿಯದಾದರೆ ಅದರ ಮೇಲೆ ತಿಂಗಳು, ವರ್ಷ ಕೊರೆದಿರುತ್ತದೆ. ಅದು ಮುಗಿಯುವ ದಿನಾಂಕ, ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ. ನಾನು ಇಪ್ಪತ್ತು ವರ್ಷ ಅದನ್ನು ಕಂಪನಿಯ ಏನೋ ನಂಬರ್ ಅಂದುಕೊಂಡಿದ್ದೆ. ಒಳಗಿನ ಅಂಟು ಹಳತಾದರೆ, ತೇವ ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವೀಲುಗಳನ್ನು ಸಿಮೆಂಟ್ ನೆಲದ ಮೇಲೆ ಬಿಸಾಡಿ ಇಡುವುದು ಅದಕ್ಕೇ ತಪ್ಪು. ಕೈಜಾರಿ ಬಿದ್ದ ವೀಲಿಗೆ ಬಿರುಕು ಕಾಣದಿದ್ದರೂ ಅದನ್ನು ಹಾಕಬೇಡಿ. ಇನ್ನೊಂದು: ತೆಳು ಕಟಿಂಗ್ ವೀಲಿನ ಪಕ್ಕೆಯಿಂದ ವೆಲ್ಡಿಂಗ್ ಉಜ್ಜುವ ಚಟ. ಒಂದು ಮಿಲಿಮೀಟರ್ ದಪ್ಪದ ಹಪ್ಪಳ ಅದು. ನೇರ ಹೋದರೆ ಕಬ್ಬಿಣ ಕತ್ತರಿಸುತ್ತದೆ, ಪಕ್ಕಕ್ಕೆ ಒತ್ತಿದರೆ ಮುರಿಯುತ್ತದೆ. ಉಜ್ಜಲು ದಪ್ಪ ವೀಲೇ ಬೇಕು.

ಜಾಬ್, ಅಂದರೆ ಕತ್ತರಿಸುವ ಸಾಮಾನು, ಇಡುವ ರೀತಿಯೂ ಮುಖ್ಯ. ಪೈಪಿನ ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕತ್ತರಿಸಿದರೆ, ಮುಗಿಯುವ ಹೊತ್ತಿಗೆ ಪೈಪ್ ಕೆಳಗೆ ಬಾಗಿ ಸಂದು ಮುಚ್ಚಿಕೊಂಡು ವೀಲನ್ನು ಕಚ್ಚುತ್ತದೆ. ಕತ್ತರಿಸಿ ಬೀಳಬೇಕಾದ ತುದಿ ಆಧಾರದಾಚೆ ಜೋತಾಡುತ್ತಿರಲಿ, ಆಗ ಸಂದು ತೆರೆದುಕೊಳ್ಳುತ್ತದೆ. ನಮ್ಮ ಹುಡುಗನ ಬೆರಳು ತೆಗೆದದ್ದು ಇಷ್ಟು ಸಣ್ಣ ವಿಷಯ.

ಇನ್ನು ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರ್‌ಗೆ ಹಾಕುವ ಬಡಗಿ ಅಣ್ಣಂದಿರಿಗೆ ಕೈಮುಗಿಯುತ್ತೇನೆ, ಬಿಡಿ ಅದನ್ನು. ಮರದ ಗಂಟಿಗೆ ಹಲ್ಲು ಸಿಕ್ಕರೆ ಒಂದು ಕೈಯಲ್ಲಿ ಹಿಡಿದ ಮೆಷಿನ್ ಎಲ್ಲಿಗೆ ನೆಗೆಯುತ್ತದೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ತೊಡೆ, ಕುತ್ತಿಗೆ, ಹೊಟ್ಟೆ, ಯಾವುದೂ ದೂರ ಅಲ್ಲ. ಮರಕ್ಕೆ ತಳಪಟ್ಟಿ ಇರುವ ಸರ್ಕ್ಯುಲರ್ ಸಾ ಇದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗ್ರೈಂಡರ್ ಪಕ್ಕದಲ್ಲೇ ಈ ಬ್ಲೇಡನ್ನು ನೇತುಹಾಕಿ ಮಾರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ಮಾಡಿಕೊಂಡ ಗರಗಸದ ಟೇಬಲ್‌ಗಳಲ್ಲಿ, ಬ್ಲೇಡಿನ ಹಿಂದೆ ಹಲಗೆ ಮುಚ್ಚಿಕೊಳ್ಳದಂತೆ ತಡೆಯುವ ಸೀಳುಪಟ್ಟಿ ಎಷ್ಟು ಕಡೆ ಇದೆ? ಕೊನೆಯ ಒಂದು ಗೇಣನ್ನು ಬೆರಳಲ್ಲಿ ತಳ್ಳದೆ ಕಡ್ಡಿಯಲ್ಲಿ ತಳ್ಳುವವರು ಎಷ್ಟು ಜನ? ಆ ಕಡ್ಡಿಗೆ ದುಡ್ಡೂ ಬೇಡ, ಕಾಲಡಿಯಲ್ಲಿ ಬಿದ್ದಿರುತ್ತದೆ.

ಡ್ರಿಲ್ಲಿಗೂ, ಕಬ್ಬಿಣವನ್ನು ತಿರುಗಿಸುತ್ತ ಕೆತ್ತುವ ಲೇತ್ ಮೆಷಿನ್ನಿಗೂ ಗ್ಲೌಸ್ ಹಾಕಬಾರದು ಅಂದರೆ ಜನ ನಗುತ್ತಾರೆ. ಸುರಕ್ಷತೆ ಅಂದರೆ ಗ್ಲೌಸ್ ಅಂತ ತಿಳಿದವರೇ ಹೆಚ್ಚು. ತಿರುಗುವ ಬಿಟ್ಟಿಗೆ ಗ್ಲೌಸಿನ ದಾರ ಸಿಕ್ಕರೆ ಕೈಯನ್ನೇ ಸುತ್ತಿಕೊಳ್ಳುತ್ತದೆ. ನನಗೆ ಕೆಲಸ ಕಲಿಸಿದ ಗುರುಗಳು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. ತುಂಬುತೋಳಿನ ಅಂಗಿ ಹಾಕಿ ಹೋದರೆ ಲೇತ್ ಹತ್ತಿರ ಬಿಡುತ್ತಿರಲಿಲ್ಲ. ಕೈದಾರ, ಕೊರಳ ಸರ ಬಿಚ್ಚಿಸುತ್ತಿದ್ದರು. ಜಾಬನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್‌ನಲ್ಲಿ ಅದನ್ನು ಬಿಗಿಮಾಡುವ ಕೀ ಮರೆತರೆ ತಲೆಗೆ ಒಂದು ಬೀಳುತ್ತಿತ್ತು. "ಕೀ ಇದ್ದರೆ ನಿನ್ನ ಕೈಯಾಗಿರಬೇಕು, ಇಲ್ಲಾ ಹಲಗಿ ಮ್ಯಾಲಿರಬೇಕು. ಚಕ್ಕಿನಾಗ ಏನ್ ಕೆಲ್ಸ ಅದಕ್ಕೆ?" ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಲೇತ್‌ಗಳು ಇವತ್ತೂ ನಮ್ಮೂರ ಟರ್ನಿಂಗ್ ಅಂಗಡಿಗಳಲ್ಲಿ ಓಡುತ್ತಿವೆ. ತಲೆಗೆ ಹೊಡೆದು ಹೇಳುವ ಗುರುಗಳು ಇಲ್ಲ. ಹೊಡೆತ ಬೇಕು ಅನ್ನುತ್ತಿಲ್ಲ ಸ್ವಾಮಿ, ಹೇಳುವವರು ಬೇಕು.

ಕಣ್ಣಿನ ವಿಷಯಕ್ಕೆ ಬಂದರೆ ನಾವೆಲ್ಲ ಡಾಕ್ಟರುಗಳೇ. ಕಣ್ಣಿಗೆ ಕಿಡಿ ಬಿದ್ದರೆ ಕರ್ಚೀಫಿನ ಮೂಲೆ ಚೂಪು ಮಾಡಿ ತೆಗೆಯುವವನು ಪ್ರತಿ ಅಂಗಡಿಯಲ್ಲೂ ಒಬ್ಬ ಇರುತ್ತಾನೆ. ಕರಿಗುಡ್ಡೆಯ ಮೇಲೆ ಅಂಟಿದ ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ಅಲ್ಲೇ ತುಕ್ಕಿನ ಉಂಗುರ ಬಿಡುತ್ತದೆ. ಚೂರು ಬಂದರೂ ತುಕ್ಕು ಉಳಿಯುತ್ತದೆ. ಅದನ್ನು ಕಣ್ಣಿನ ಡಾಕ್ಟರೇ ತೆಗೆಯಬೇಕು. ಕನ್ನಡಕ ಬೆವರಿಗೆ ಮಬ್ಬಾಗುತ್ತದೆ ಅನ್ನುವುದು ನಿಜ, ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಡಿ ನಿಂತವರಿಗೇ ಗೊತ್ತು ಅದರ ಕಷ್ಟ. ನಾವು ಮುಖ ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಶೀಲ್ಡ್ ತಂದೆವು. ಗಾಳಿ ಆಡುತ್ತದೆ, ಹುಡುಗರು ಗೊಣಗುವುದು ಕಡಿಮೆಯಾಯಿತು. ವೀಲ್ ಒಡೆದರೆ ಅಂತ ಅದರೊಳಗೆ ಕನ್ನಡಕವೂ ಇರಬೇಕು. ಅದಕ್ಕೆ ಈಗಲೂ ಗೊಣಗುತ್ತಾರೆ.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಕರೆಂಟ್ ಹೋದಾಗ ಲಾಕ್ ಆಗಿರುವ ಮೆಷಿನ್ ಕೆಳಗಿಟ್ಟು ಟೀ ಕುಡಿಯಲು ಹೋಗುತ್ತೇವೆ. ಕರೆಂಟ್ ಬಂದ ಕೂಡಲೇ ಅದು ತಾನೇ ಎದ್ದು ಓಡುತ್ತದೆ. ಹೋದ ತಕ್ಷಣ ಸ್ವಿಚ್ ಬಿಡಿಸಿ ಪ್ಲಗ್ ಕೀಳುವುದೊಂದೇ ದಾರಿ. ಬೆಂಕಿಕಡ್ಡಿಯ ಪ್ಲಗ್ಗು ಈಗ ನಮ್ಮಲ್ಲಿಲ್ಲ. ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸಿದ್ದೇನೆ. ಎಂಸಿಬಿ ಇದೆಯಲ್ಲ ಅನ್ನುವವರಿಗೆ ಹೇಳುತ್ತೇನೆ, ಅದು ವೈರನ್ನು ಕಾಯುತ್ತದೆ. ಶಾಕ್ ಹೊಡೆಸಿಕೊಂಡವನನ್ನು ಕಾಯುವುದು ಆರ್‌ಸಿಸಿಬಿ.

ಈಗ ಅಧಿಕಾರಿಗಳಿಗೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ ತಿರುಗುವ ಯಂತ್ರಕ್ಕೆ ಬೇಲಿ ಇರಬೇಕು ಅಂತ ಬರೆದಿತ್ತು. ಆದರೆ ಕರೆಂಟ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಯಿತು. ಪಿ.ಬಿ. ರಸ್ತೆಯಿಂದ ಹದಡಿ ರಸ್ತೆಯವರೆಗೆ ಒಂದು ಸುತ್ತು ಬನ್ನಿ, ಇಪ್ಪತ್ತು ಜನ ಇರುವ ಫ್ಯಾಬ್ರಿಕೇಶನ್ ಅಂಗಡಿ ಎಷ್ಟು ಸಿಗುತ್ತವೆ ನೋಡೋಣ. ನನ್ನಲ್ಲಿ ಐವರು. ಪಕ್ಕದವರಲ್ಲಿ ಮೂವರು. ನಮ್ಮ ಗ್ರೈಂಡರನ್ನು ಕೇಳುವ ಇನ್‌ಸ್ಪೆಕ್ಟರ್ ಯಾವ ಕಾಯ್ದೆಯಲ್ಲೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಆದರೆ ಪಾಲಿಕೆಯವರು ಬರುತ್ತಾರೆ. ಉದ್ದಿಮೆ ಪರವಾನಗಿ ಕೊಡುವಾಗ, ನವೀಕರಿಸುವಾಗ ಬೋರ್ಡ್ ಕನ್ನಡದಲ್ಲಿದೆಯಾ, ಕಸ ಎಲ್ಲಿ ಹಾಕುತ್ತೀರಿ ಅಂತ ನೋಡುತ್ತಾರೆ. ಅದೇ ಹೊತ್ತಿಗೆ "ಗ್ರೈಂಡರ್ ತೋರಿಸ್ರಿ, ಗಾರ್ಡ್ ಎಲ್ಲಿ" ಅಂತ ಒಂದು ಮಾತು ಕೇಳಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಲಿ. ಎರಡಕ್ಕೂ ಸೇರಿ ಐದು ನಿಮಿಷ ಸಾಕು.

ದಾಳಿ ಬೇಡ. ದಾಳಿ ಶುರುವಾದರೆ ವಾಟ್ಸಾಪ್‌ನಲ್ಲಿ ಸುದ್ದಿ ಹರಿಹರ ಮುಟ್ಟಲು ಕಾಲು ಗಂಟೆ ಬೇಡ. ಎಲ್ಲ ಮೆಷಿನ್‌ಗೂ ಅರ್ಧ ದಿನದ ಮಟ್ಟಿಗೆ ಗಾರ್ಡ್ ಬರುತ್ತದೆ. ಜೀಪು ಆಚೆ ಹೋದ ಮೇಲೆ ಗುಜರಿ ಚೀಲಕ್ಕೆ ವಾಪಸ್. ಅದರ ಬದಲು ಹುಡುಗನ ಕೈಗೆ ಒಂದು ಕಾಗದ ಬರುವಂತೆ ಮಾಡಿ. ಯಾವ ಬೆರಳಿಗೆ ಎಷ್ಟು, ಯಾರು ಕೊಡಬೇಕು, ಕೊಡದಿದ್ದರೆ ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ ಅಂತ ನಮ್ಮೂರ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆ. ವೀಲ್ ಮಾರುವ ಹಾರ್ಡ್‌ವೇರ್ ಅಂಗಡಿಗಳ ಕೌಂಟರ್ ಮೇಲೆ ಅಂಟಿಸಿ. ವೀಲ್ ತರಲು ಯಜಮಾನ ಹೋಗುವುದಿಲ್ಲ, ಹುಡುಗನೇ ಹೋಗುವುದು. ಅದರ ಕೊನೆಯಲ್ಲಿ, ಗಾರ್ಡ್ ಇಲ್ಲದ ಮೆಷಿನ್ ಕೈಗೆ ಕೊಟ್ಟರೆ ಮೊದಲು ಒಂದು ಫೋಟೋ ತೆಗೆದಿಟ್ಟುಕೋ ಅಂತಲೂ ಬರೆಸಿ. ಯಜಮಾನರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಬರಲಿ. ನಮ್ಮ ಹುಡುಗರಿಗೆ ನಾನೇ ಇದನ್ನು ಹೇಳಿದ್ದೇನೆ.

ಕಾರ್ಮಿಕ ಇಲಾಖೆಯವರಿಗೆ ಇನ್ನೊಂದು ಕೋರಿಕೆ. ಕಟ್ಟಡಗಳಲ್ಲಿ ಗ್ರಿಲ್, ಗೇಟ್, ರೇಲಿಂಗ್ ಕೂರಿಸುವ ಹುಡುಗರು ವರ್ಷದಲ್ಲಿ 90 ದಿನ ಆ ಕೆಲಸ ಮಾಡಿದ್ದು, 18ರಿಂದ 60ರೊಳಗಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಅರ್ಹರು. ಅಂಗಡಿಯಲ್ಲಿ ಕೂತು ಮಾಡುವವರು, ಸೈಟಿಗೆ ಹೋಗುವವರು ಅಂತ ಬೇರೆ ಬೇರೆ ಜನ ನಮ್ಮಲ್ಲಿಲ್ಲ. ಬೆಳಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ಸಂತೆ ಮುಗಿದ ಸಂಜೆಯೋ ಭಾನುವಾರವೋ ಒಂದು ಟೇಬಲ್ ಹಾಕಿ ನೋಂದಣಿ ಮಾಡಿಸಿ. ಕೆಲಸದ ದಿನ ಕಚೇರಿಗೆ ಬರಲು ಯಜಮಾನ ರಜೆ ಕೊಡುವುದಿಲ್ಲ, ನಾನೂ ಕೊಡುತ್ತಿರಲಿಲ್ಲ. ಹಾಗೇ, ಹದಿನೆಂಟು ತುಂಬದ ಹುಡುಗರನ್ನು ಅಪಾಯದ ಕೆಲಸಕ್ಕೆ ಇಡಬಾರದು ಅಂತ 2016ರ ತಿದ್ದುಪಡಿಯಿಂದ ಕಾನೂನಿದೆ. ಬೇಸಿಗೆ ರಜೆಯಲ್ಲಿ "ಸುಮ್ನೆ ಕೂತಾನ, ನಿಮ್ಮಲ್ಲಿ ಕೆಲ್ಸ ಕಲೀಲಿ" ಅಂತ ಮಕ್ಕಳನ್ನು ತಂದು ಬಿಡುವ ತಂದೆಯರಿಗೂ ಇದನ್ನು ಯಾರಾದರೂ ಹೇಳಬೇಕು.

ಯಜಮಾನರೇ, ನಮ್ಮ ಹುಡುಗ ಈಗ ಬೇರೆ ಊರಿನಲ್ಲಿದ್ದಾನೆ, ವೆಲ್ಡಿಂಗ್‌ನಲ್ಲೇ ಇದ್ದಾನೆ. ಹಬ್ಬಕ್ಕೆ ಬಂದಾಗ ಅಂಗಡಿಗೂ ಬರುತ್ತಾನೆ. ಹೋದ ಸಲ ಬಂದವನು ಮಾತಾಡುತ್ತ ಆಡುತ್ತ ಟೇಬಲ್ ಮೇಲಿದ್ದ ಗ್ರೈಂಡರ್ ಎತ್ತಿ, ಆ ಮೋಟು ಬೆರಳಿನಿಂದ ಗಾರ್ಡನ್ನು ಎರಡು ಸಲ ಅಲ್ಲಾಡಿಸಿ, ಸ್ಕ್ರೂ ಸಡಿಲ ಇದೆ ಅಂತ ಬಿಗಿ ಮಾಡಿ ಇಟ್ಟ. ನಾನು ಟೀ ತರಿಸಿದೆ.

ಗುಜರಿ ಚೀಲದ ಮೂರು ಗಾರ್ಡ್‌ಗಳನ್ನು ಅವನ ಬೆರಳು ಹೋದ ದಿನವೇ ಹೊರತೆಗೆದು ಮೆಷಿನ್‌ಗಳಿಗೆ ಕೂರಿಸಿದ್ದೆ. ಊದುಬತ್ತಿಯದನ್ನೂ ತೊಳೆದು ಹಾಕಿದೆ, ಪಟದ ಮುಂದೆ ಈಗ ಒಂದು ಪಿಂಗಾಣಿ ಬಟ್ಟಲಿದೆ. ಗಾರ್ಡ್ ಕಳೆದುಹೋದ ಆ ಒಂದು ಗ್ರೈಂಡರ್‌ಗೆ ಸಮ ಕೂರುವ ಗಾರ್ಡ್ ಇನ್ನೂ ಸಿಕ್ಕಿಲ್ಲ, ಆ ಮಾಡೆಲ್ ನಿಂತುಹೋಗಿದೆ ಅನ್ನುತ್ತಾರೆ ಅಂಗಡಿಯವರು. ಯಾರ ಹತ್ತಿರವಾದರೂ ಮೂಲೆಯಲ್ಲಿ ಬಿದ್ದಿದ್ದರೆ ಹೇಳಿ ಕಳಿಸಿ. ಅಲ್ಲಿಯವರೆಗೆ ಆ ಗ್ರೈಂಡರ್‌ನ ವೈರನ್ನು ಬುಡದಲ್ಲೇ ಕತ್ತರಿಸಿ ಇಟ್ಟಿದ್ದೇನೆ.

ಇತಿ,
ಒಬ್ಬ ಫ್ಯಾಬ್ರಿಕೇಶನ್ ಅಂಗಡಿಯವ
ದಾವಣಗೆರೆ